ಗಡಿಸೀಮೆಯ ಪತ್ರರಕ್ಷಣೆ

ಹಿಂದಿನ ಮಡಕಶಿರಾ ತಾಲ್ಲೂಕಿನ ನೈಋತ್ಯ ಭಾಗದಲ್ಲಿ ಶಿರಾ ಸೀಮೆಗೆ ಒತ್ತಿಕೊಂಡಿರುವ ರೊಳ್ಳವೂ ಅದರ ಸುತ್ತಣ ಹಳ್ಳಿಗಳೂ, ತಾವು ನಿಂತ ನೆಲದಿಂದ ಒಂದು ಗೇಣೂ ಕದಲದೆ, ವಿಜಯನಗರದ ಅರಸರ, ಅವರ ತರುವಾಯ ರತ್ನಗಿರಿಯಂತಹ ಬೆಟ್ಟದ ಕೋಟೆಗಳಲ್ಲಿ ಕುಳಿತು ಆಳಿದ ಪಾಳೆಯಗಾರರ, 1687ರಿಂದೀಚೆಗೆ ಶಿರಾವನ್ನು ಸುಭೆಯ ಮುಖ್ಯಸ್ಥಾನವಾಗಿ ಮಾಡಿಕೊಂಡ ಮೊಗಲರ, ಮರಾಠರ, ಹೈದರ್ ಮತ್ತು ಟಿಪ್ಪು ಸುಲ್ತಾನರ, ಅಲ್ಪಕಾಲ ಹೈದರಾಬಾದಿನ ನಿಜಾಮರ, 1800ನೆಯ ಇಸವಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗಳನ್ನು ಒಂದರ ಮೇಲೊಂದಾಗಿ ಕಂಡವು. ಪ್ರಭುತ್ವ ಬದಲಾದಾಗಲೆಲ್ಲ ಹೊಸ ಅಮಲ್ದಾರನು ಊರಿಗೆ ಬಂದು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಭೂಮಿ ನಿನಗೆ ಯಾರಿಂದ ಬಂದಿತು, ಅದಕ್ಕೆ ಆಧಾರವೇನು? ಉತ್ತರಕ್ಕೆ ಬೇಕಾದ ಸಾಕ್ಷ್ಯವನ್ನು ಕೊಟ್ಟವನಾದರೋ ಅಷ್ಟರೊಳಗೆ ಸಿಂಹಾಸನವನ್ನು ಕಳೆದುಕೊಂಡಿರುತ್ತಿದ್ದನು. ಅವನ ದಫ್ತರವು ಸುಟ್ಟೋ ಚದುರಿಯೋ ಹೋಗಿರುತ್ತಿತ್ತು. ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಉಳಿದುದಷ್ಟೇ ಉಳಿದ ಸಾಕ್ಷ್ಯ. ಈ ಕಾರಣದಿಂದಲೇ ನಮ್ಮ ಗಡಿಸೀಮೆಯಲ್ಲಿ ಕಾಗದಪತ್ರಗಳನ್ನು ಕಾಪಾಡುವುದು ಸರ್ಕಾರದ ಕೆಲಸವೆಂಬುದಕ್ಕಿಂತ ಮನೆಯ ಯಜಮಾನನ ಧರ್ಮವೆಂದು ಎಣಿಸಲ್ಪಟ್ಟಿತು. ಈ ಆಚಾರಕ್ಕೆ ಒಂದು ದೀರ್ಘವಾದ ಚರಿತ್ರೆಯುಂಟು.

ಅದರ ಮೊದಲ ಘಟ್ಟವನ್ನು ನೋಡಬೇಕೆಂದರೆ ಬಹುದೂರ ಹೋಗಬೇಕಾಗಿಲ್ಲ. ಹಿಂದೆ ಹೆಂಜೇರೆಂದು ಹೆಸರಾಂತು ನೊಳಂಬ ಪಲ್ಲವರಿಗೆ ರಾಜಧಾನಿಯಾಗಿದ್ದ ಹೇಮಾವತಿ ಇದೇ ಸೀಮೆಯಲ್ಲಿದೆ. ಅಲ್ಲಿಯ ಕನ್ನಡ ಶಾಸನಗಳು ಮದರಾಸು ಆಧಿಪತ್ಯದ ಕನ್ನಡ ಶಾಸನಗಳ ಸಂಪುಟದಲ್ಲಿ 1939ರಲ್ಲಿ ಅಚ್ಚಾಗಿ ಹೊರಬಂದಿವೆ. ಶಿಲಾಶಾಸನವು ದೇವಾಲಯದ ಎದುರಿಗೋ ಕೆರೆಯ ಏರಿಯ ಮೇಲೋ ಸರ್ವರ ಕಣ್ಣಿಗೂ ಕಾಣುವಂತೆ ನಿಂತು, ಈ ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲೆಂದು ಶಪಿಸಿ, ಊರಿನ ಜನರನ್ನೆಲ್ಲ ತನ್ನ ಕಾವಲುಗಾರರನ್ನಾಗಿ ಮಾಡಿಕೊಳ್ಳುತ್ತಿತ್ತು. ತಾಮ್ರಶಾಸನದ ರೀತಿ ಬೇರೆ. ಅದನ್ನು ಪಡೆದವನು ಮನೆಗೆ ಒಯ್ಯುತ್ತಿದ್ದನು. ಅಂತಹ ಒಂದು ಶಾಸನವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದನ್ನು ಮಾಡಿದ ಅಕ್ಕಸಾಲಿಯ ದೂರದೃಷ್ಟಿ ತಾನಾಗಿ ಗೋಚರವಾಗುವುದು: ಹಲಗೆಗಳ ಅಂಚುಗಳನ್ನು ಸ್ವಲ್ಪ ಎತ್ತರಿಸಿ, ಒಂದರ ಮೇಲೊಂದು ಕುಳಿತಾಗ ಅಕ್ಷರಗಳು ಪರಸ್ಪರ ಉಜ್ಜಿ ಸವೆಯದಂತೆ ಮಾಡಿರುತ್ತಾನೆ, ಮೊದಲ ಹಲಗೆಯ ಹೊರಮೈಯನ್ನೂ ಕಡೆಯ ಹಲಗೆಯ ಹೊರಮೈಯನ್ನೂ ಬಹುಮಟ್ಟಿಗೆ ಬರಿದಾಗಿ ಬಿಟ್ಟು ಬರೆಹವನ್ನೆಲ್ಲ ಒಳಗಡೆಗೆ ತಿರುಗಿಸಿರುತ್ತಾನೆ, ನಡುವೆ ಹಲಗೆಯೊಂದನ್ನು ಕದ್ದು ಸೇರಿಸಲಾಗಲಿ ತೆಗೆಯಲಾಗಲಿ ಆಗದಂತೆ ಎಲ್ಲವನ್ನೂ ಒಂದು ಬಳೆಯಲ್ಲಿ ಕೋದು, ಬಳೆಯ ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆದಿರುತ್ತಾನೆ. ದಂಡು ಬಂದಾಗ ಇದನ್ನು ನೆಲದಲ್ಲಿ ಹೂಳಬಹುದಾಗಿತ್ತು, ಬಾವಿಗೆ ಇಳಿಬಿಡಬಹುದಾಗಿತ್ತು. ಉಳುವಾಗ ನೇಗಿಲಿಗೆ ಸಿಕ್ಕಿ, ಮನೆಯ ತಳಪಾಯ ತೋಡುವಾಗ ಹಾರೆಗೆ ತಾಗಿ ದೊರೆತ ತಾಮ್ರಪಟಗಳ ಕಥೆ ದಕ್ಷಿಣದೇಶದಲ್ಲೆಲ್ಲ ಸಾಮಾನ್ಯ. ಹೂತವನು ಹಿಂದಿರುಗಿ ಬರಲಿಲ್ಲವೆಂಬ ದುಃಖದ ಸಂಗತಿಯೂ ಅದರಲ್ಲಿ ಅಡಗಿದೆ.

ಇನ್ನು ಊರ ಲೆಕ್ಕವಿಡುತ್ತಿದ್ದ ಶ್ಯಾನುಭೋಗನ ಮನೆಯಲ್ಲಿ ಇದ್ದುದು ಕಡತ. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಬಹಳ ಕುತೂಹಲದಿಂದ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಯ ಬಟ್ಟೆಗೆ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಮಗ್ಗುಲಿಗೂ ಬಳಿದು, ಚೆನ್ನಾಗಿ ಒಣಗಿದ ಮೇಲೆ ಹಿಂದುಮುಂದಾಗಿ ಮಡಿಸಿ, ಎರಡು ತುದಿಗಳಿಗೂ ತೆಳುವಾದ ಮರದ ಹಲಗೆಗಳನ್ನು ಸೇರಿಸಿ, ಕರಿಯ ಮೈಯ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ನಮ್ಮ ಕಡೆ ಅಂಟಿಗೆ ಹುಣಿಸೆಯ ಬೀಜವನ್ನು ಅರೆದು ಕಾಯಿಸುತ್ತಿದ್ದರು. ಒದ್ದೆಯಾಗದಿದ್ದರೆ ಬಹುಕಾಲ ಬಾಳುವ ಈ ಕಡತಕ್ಕೆ ಒಂದು ವಿಶೇಷ ಗುಣವಿತ್ತು: ಬರೆದುದನ್ನು ಉಜ್ಜಿ ಅಳಿಸಿ, ಮತ್ತೆ ಮಸಿ ಬಳಿದು, ಹೊಸದಾಗಿ ಬರೆಯಬಹುದಾಗಿತ್ತು. ವರ್ಷವರ್ಷವೂ ಬದಲಾಗುವ ಕಂದಾಯದ ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದ ಸಾಧನವಿರಲಿಲ್ಲ. ಆದರೆ ಅಳಿಸಬಲ್ಲ ಬರೆಹದ ಮೇಲೆ ತನ್ನ ಹೊಲದ ಭವಿಷ್ಯವನ್ನು ಯಾವ ರೈತನು ಒಪ್ಪಿಸಿಯಾನು? ಅಳಿಸಬಹುದಾದುದು ಅಧಿಕಾರಿಯ ಮನೆಯಲ್ಲಿರಲಿ, ಅಳಿಸಲಾರದುದು ತನ್ನ ಮನೆಯಲ್ಲಿರಲಿ ಎಂಬ ವಿವೇಕವು ಹೀಗೆ ಯಾರೂ ಬೋಧಿಸದೆಯೇ ಜನರಲ್ಲಿ ಬೇರೂರಿತೆಂದು ನನ್ನ ಅಭಿಪ್ರಾಯ.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಈ ದತ್ತಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ ಥಾಮಸ್ ಮನ್ರೋ, 1802ರಲ್ಲಿ ಹೊಲಹೊಲವನ್ನೂ ಅಳೆಯಿಸಲು ಆರಂಭಿಸಿದನು. ಅಲ್ಲಿಯವರೆಗೆ ಕರಣಿಕರೆನಿಸಿದ ಶ್ಯಾನುಭೋಗರ ಮನೆಗಳಲ್ಲಿ ಕವಿಲೆಗಳೆಂಬ ಹೆಸರಿನಿಂದ ಊರಿನ ಪೂರ್ವವೃತ್ತಾಂತವೂ ಭೂಮಿಯ ವಿವರವೂ ಒಟ್ಟಿಗೆ ಇರುತ್ತಿದ್ದವು. ಊರುಗಳ ಚರಿತ್ರೆಯನ್ನು ಸಂಗ್ರಹಿಸುತ್ತಿದ್ದ ಕರ್ನಲ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಕೈಫಿಯತ್ತುಗಳೆಂಬ ವೃತ್ತಾಂತಗಳನ್ನು ಬರೆಸಿಕೊಂಡದ್ದು ಬಹುಪಾಲು ಅಂತಹ ಕವಿಲೆಗಳ ಆಧಾರದಿಂದಲೇ.

ಪೆಟ್ಟಿಗೆಗಳನ್ನೆಲ್ಲ ಒಮ್ಮೆಲೇ ತೆರೆಯಬೇಕಾಗಿ ಬಂದದ್ದು ಇನಾಮು ಕಮಿಷನ್ನಿನ ಕಾಲದಲ್ಲಿ. 1858ರಲ್ಲಿ ಮದರಾಸು ಸರ್ಕಾರವು ಈ ಕಮಿಷನ್ನನ್ನು ನೇಮಿಸಿ, ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಅನುಭವಿಸಲ್ಪಡುತ್ತಿದ್ದ ಪ್ರತಿಯೊಂದು ತುಂಡು ಭೂಮಿಯ ಹಕ್ಕನ್ನೂ ವಿಚಾರಿಸಲು ತೊಡಗಿತು. ಅಗ್ರಹಾರದ ವೈದಿಕನು, ಗುಡಿಯ ಪೂಜಾರಿ, ಮಠದ ಅಯ್ಯನವರು, ಊರ ತಳವಾರ, ಕಮ್ಮಾರ, ಕೆರೆಯ ನೀರುಗಂಟಿ ಮೊದಲಾದವರೆಲ್ಲ ತಂತಮ್ಮ ಗಂಟುಗಳನ್ನು ಹೊತ್ತು ಅಧಿಕಾರಿಯ ಬಿಡಾರದ ಮುಂದೆ ಕಾದರು. ಒಬ್ಬನ ಗಂಟಿನಲ್ಲಿ ತಾಮ್ರಪಟ, ಇನ್ನೊಬ್ಬನದರಲ್ಲಿ ಪಾರಸಿಯ ಸನ್ನದು, ಮತ್ತೊಬ್ಬನದರಲ್ಲಿ ಮೋಡಿ ಅಕ್ಷರದ ಪತ್ರ. ಹಲವರಲ್ಲಿ ಏನೂ ಇಲ್ಲ. ಐವತ್ತು ವರ್ಷಗಳ ಅನುಭವವನ್ನು ಸಿದ್ಧಪಡಿಸಿದರೆ ಹಕ್ಕನ್ನು ಒಪ್ಪತಕ್ಕದ್ದೆಂಬ ನಿಯಮವಿದ್ದುದರಿಂದ, ಮೂಲ ಸನ್ನದು ನಷ್ಟವಾಗಿದ್ದವರೂ ಹಳೆಯ ಲೆಕ್ಕಗಳಲ್ಲಿ ತಮ್ಮ ಹಿರಿಯರ ಹೆಸರನ್ನು ತೋರಿಸಿ ಬದುಕಿಕೊಂಡರು. ಒಪ್ಪಿದ ಪ್ರತಿಯೊಂದು ಇನಾಮಿಗೂ ಸಂಖ್ಯೆ ಹಾಕಿದ ಒಂದು ಟೈಟಲ್ ಡೀಡ್ ಬಂದಿತು. ಅಂದಿನಿಂದ ತಾಮ್ರಪಟವು ದೇವರ ಕೋಣೆಗೆ ಏರಿ ಪೂಜೆಗೊಂಡಿತು, ವ್ಯವಹಾರವು ಆ ಒಂದು ಹಾಳೆ ಕಾಗದಕ್ಕೆ ಸೇರಿತು. ಸುಮಾರು ನೂರು ವರ್ಷಗಳು ಕಳೆದು 1956ರಲ್ಲಿ ಇನಾಮು ರದ್ದಿಯಾತಿಯ ಕಾಯಿದೆ ಬಂದು ಭೂಮಿಗಳು ರೈತವಾರಿಗೆ ತಿರುಗಿದಾಗ, ಅಧಿಕಾರಿಗಳು ಮೊದಲು ಕೇಳಿದ್ದು ಅದೇ ಟೈಟಲ್ ಡೀಡಿನ ಸಂಖ್ಯೆಯನ್ನು. ಮೊಮ್ಮಗನು ಅದನ್ನು ತೆಗೆದು ಕೊಡಬಲ್ಲವನಾಗಿದ್ದರೆ ಅದು ಅಜ್ಜನ ಪುಣ್ಯವೆನ್ನಬೇಕು.

ಕಾಪಾಡುತ್ತಿದ್ದ ಬಗೆಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಅಸಲನ್ನು ಒಗೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ನಡುನಡುವೆ ಬಜೆಯ ತುಂಡನ್ನೋ ಒಣಗಿದ ಬೇವಿನ ಎಲೆಯನ್ನೋ ಇಟ್ಟು, ಮರದ ಪೆಟ್ಟಿಗೆಯೊಳಗೆ ಇಡುವರು. ಪೆಟ್ಟಿಗೆಯನ್ನು ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ ಏರಿಸುವರು. ನಕಲನ್ನು ಬೇರೊಂದು ಮನೆಯಲ್ಲಿ, ಬಹುಮಟ್ಟಿಗೆ ಹೆಣ್ಣು ಕೊಟ್ಟ ಊರಿನಲ್ಲಿ, ಇಡುವರು. ಕಚೇರಿಗೆ ಹೋಗುವುದು ನಕಲು. ಅಸಲು ಹೊಸ್ತಿಲು ದಾಟಬೇಕಾದರೆ ಯಜಮಾನನೇ ಜೊತೆಯಲ್ಲಿ ಹೋಗಬೇಕು. ಮಹಾನವಮಿಯ ದಿನ ಲೆಕ್ಕದ ಪುಸ್ತಕಗಳೊಡನೆ ಗಂಟನ್ನೂ ಪೂಜೆಗೆ ಇಡುವ ಪದ್ಧತಿಯಿಂದ ವರ್ಷಕ್ಕೊಮ್ಮೆಯಾದರೂ ಕಾಗದಗಳಿಗೆ ಗಾಳಿ ತಾಗುತ್ತಿತ್ತು. ಯಾವುದು ಇದೆ, ಯಾವುದು ಇಲ್ಲ ಎಂಬುದು ಮನೆಯ ಕಿರಿಯರಿಗೂ ತಿಳಿಯುತ್ತಿತ್ತು.

ಸ್ವಾತಂತ್ರ್ಯಾನಂತರದ ಬದಲಾವಣೆಗಳು ಇನ್ನೂ ತ್ವರಿತವಾದವು. ಮಡಕಶಿರಾ 1882ರಿಂದಲೇ ಅನಂತಪುರ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ ಮಡಕಶಿರಾದೊಡನೆ ಬಳ್ಳಾರಿ ಜಿಲ್ಲೆಯ ರಾಯದುರ್ಗವೂ ಆ ರಾಜ್ಯಕ್ಕೆ ಸೇರಿತು. ಮನೆಮಾತು ಕನ್ನಡವಾಗಿಯೇ ಉಳಿದು ಕಚೇರಿಯ ಮಾತು ತೆಲುಗಾಯಿತು. ನೆರೆಯ ಶಿರಾದಲ್ಲಿ ಪಹಣಿಯೆನ್ನುವುದನ್ನು ಇಲ್ಲಿ ಅಡಂಗಲ್ ಎಂದರು. 1984ರಲ್ಲಿ ವಂಶಪಾರಂಪರ್ಯದ ಕರಣಿಕೆ ರದ್ದಾಗಿ ತಲೆಮಾರುಗಳ ದಫ್ತರವು ಮನೆಗಳಿಂದ ಕಚೇರಿಗೆ ಸಾಗಿತು, ಮರುವರ್ಷವೇ ರೊಳ್ಳವು ಒಂದು ಮಂಡಲದ ಕೇಂದ್ರವಾಯಿತು. 2022ರ ಏಪ್ರಿಲಿನಲ್ಲಿ ಮಡಕಶಿರಾ ಸೀಮೆಯು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗವು ಅನಂತಪುರದಲ್ಲೇ ನಿಂತಿತು.

ಇಂತಹ ಸೀಮೆಯಿಂದ ಬೆಂಗಳೂರಿಗೆ ಓದಲು ಹೋಗಿ, ಅಲ್ಲಿಂದ ಅಮೆರಿಕೆಗೆ ತೆರಳಿ ನೆಲಸಿದ ಗಡಿನಾಡ ಕನ್ನಡಿಗನು ಆ ದೇಶದ ಪೌರತ್ವವನ್ನು ಸ್ವೀಕರಿಸುವ ಸಮಾರಂಭದ ದಿನ ನಿಲ್ಲುವ ಸ್ಥಿತಿ, ಇನಾಮು ಕಮಿಷನ್ನಿನ ಬಿಡಾರದ ಮುಂದೆ ನಿಂತ ಅವನ ಪೂರ್ವಿಕನ ಸ್ಥಿತಿಗೆ ಬಹಳ ಸಮೀಪವಾದುದು. ಅಲ್ಲಿ ಅವನು ಇಷ್ಟು ವರ್ಷ ಜತನ ಮಾಡಿದ ಗ್ರೀನ್ ಕಾರ್ಡನ್ನು ಹಿಂದಿರುಗಿಸಿ, ಪ್ರಮಾಣವಚನವನ್ನು ಉಚ್ಚರಿಸಿ, ಪೌರತ್ವದ ಪ್ರಮಾಣಪತ್ರವೊಂದನ್ನು ಪಡೆಯುತ್ತಾನೆ. ಹೆಸರಿನ, ಜನ್ಮದಿನದ ಒಂದೊಂದು ಅಕ್ಷರವನ್ನೂ ಆ ಸಭಾಂಗಣವನ್ನು ಬಿಡುವ ಮುನ್ನವೇ ಪರೀಕ್ಷಿಸಿಕೊಳ್ಳತಕ್ಕದ್ದು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನು ಅಂಟಿಸಿ ಕೆಡಿಸಲಾಗದು. ಕಳೆದರೆ ಇನ್ನೊಂದನ್ನು ಪಡೆಯಲು ಶುಲ್ಕವೂ ತಿಂಗಳುಗಳ ಕಾಯುವಿಕೆಯೂ ಬೇಕು. ಅದೇ ಕ್ಷಣದಲ್ಲಿ, 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣದಂತೆ, ಅವನ ಭಾರತೀಯ ಪೌರತ್ವವು ಮುಗಿಯುತ್ತದೆ. ತರುವಾಯ ಅವನು ಭಾರತದ ಪಾಸ್‌ಪೋರ್ಟನ್ನು ದೂತಾವಾಸಕ್ಕೆ ಒಪ್ಪಿಸಿದರೆ, ಅಲ್ಲಿಯವರು ಅದನ್ನು ರದ್ದುಪಡಿಸಿ, ಪೌರತ್ವ ತ್ಯಾಗದ ಪತ್ರದೊಡನೆ ಹಿಂದಿರುಗಿಸುತ್ತಾರೆ.

ರದ್ದಾದುದೆಂಬ ಕಾರಣಕ್ಕೆ ಆ ಹಳೆಯ ಪುಸ್ತಕವನ್ನು ಎಸೆದುಬಿಡುವವರನ್ನು ಕಂಡರೆ ನನ್ನ ಮನಸ್ಸಿಗೆ ನಿಜವಾಗಿಯೂ ನೋವಾಗುವುದು. 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಚಾಲನೆಗೊಂಡ ಸಾಗರೋತ್ತರ ಭಾರತೀಯ ಪೌರರ ಯೋಜನೆಗೆ, ಅಂದರೆ ಜನರು ಓಸಿಐ ಎಂದು ಕರೆಯುವ ಚೀಟಿಗೆ, ಅವನಿಗೆ ಮುಖ್ಯ ಆಧಾರ ಆ ರದ್ದಾದ ಪಾಸ್‌ಪೋರ್ಟೇ. ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬೇಕಾಗುವುದು ಹಿರಿಯರ ಪತ್ರಗಳು. 1950ರ ಜನವರಿ 26ರಂದು ಭಾರತದ ಪೌರನಾಗಲು ಅರ್ಹನಾಗಿದ್ದವನ ಸಂತತಿಗೂ, ಮರಿಮಕ್ಕಳವರೆಗೆ, ಈ ಹಕ್ಕು ಉಂಟು. ಆದಕಾರಣ ರೊಳ್ಳದ ಮನೆಯಲ್ಲಿ ಕೊನೆಗೆ ಉಳಿದ ಮುದುಕರು ತೀರಿಕೊಂಡು ಮನೆ ಮಾರಾಟಕ್ಕೆ ಬಂದಾಗ, ಪಾತ್ರೆಪಡಗಗಳಿಗಿಂತ ಮೊದಲು ಪೆಟ್ಟಿಗೆಯ ಕಾಗದಗಳನ್ನು ಹೊರಗಿಟ್ಟು, ಪ್ರತಿಯೊಂದರ ಇಸವಿ, ಸಂಖ್ಯೆ, ಕಚೇರಿ, ಯಾರ ಹೆಸರಿನಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ತಂದೆಯ ಜನನಪತ್ರದಲ್ಲಿ ಅನಂತಪುರ ಜಿಲ್ಲೆಯೆಂದೂ ಇತ್ತೀಚೆಗೆ ಪಡೆದ ಪತ್ರಗಳಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯೆಂದೂ ಇರುವುದರಿಂದ, ಎರಡೂ ಒಂದೇ ರೊಳ್ಳವೆಂದು ಪರದೇಶದ ಅಧಿಕಾರಿಗೆ ತೋರಿಸುವುದಕ್ಕಾಗಿ ಜಿಲ್ಲೆಗಳ ಪುನರ್ವಿಂಗಡಣೆಯ ಸರ್ಕಾರಿ ಅಧಿಸೂಚನೆಯ ಪ್ರತಿಯೊಂದನ್ನೂ ಅದೇ ಕಟ್ಟಿನಲ್ಲಿ ಸೇರಿಸಿಡತಕ್ಕದ್ದು.