ವಿದ್ಯುತ್ ಮೋಟಾರು ನಿಯಂತ್ರಣ ತರಬೇತಿಯಲ್ಲಿ ಗಣಕಯಂತ್ರದ ಬಳಕೆ

ಸಾಲಿಗ್ರಾಮ, ಕೃಷ್ಣರಾಜನಗರ, ಹುಣಸೂರು ಭಾಗದಿಂದ ಐ.ಟಿ.ಐ. ಎಲೆಕ್ಟ್ರೀಷಿಯನ್ ವೃತ್ತಿಗೆ ಅರ್ಜಿ ಸಲ್ಲಿಸಬಯಸುವ ಅಭ್ಯರ್ಥಿಗಳ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ತರಬೇತಿ ಅವಧಿ 2 ವರ್ಷ. ಅಭ್ಯರ್ಥಿಯು ವಿಜ್ಞಾನ, ಗಣಿತ ವಿಷಯಗಳೊಂದಿಗೆ 10ನೇ ತರಗತಿ ತೇರ್ಗಡೆಯಾಗಿರತಕ್ಕದ್ದು. ಪಠ್ಯಕ್ರಮದಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಹಾಗೂ ಎ.ಸಿ., ಡಿ.ಸಿ. ಡ್ರೈವ್‌ಗಳು ಸೇರಿವೆ.

ಎ.ಸಿ. ಡ್ರೈವ್ ವಿದ್ಯುತ್ತಿನ ಆವರ್ತನವನ್ನು ಬದಲಿಸಿ ಮೋಟಾರಿನ ವೇಗವನ್ನು ನಿಯಂತ್ರಿಸುತ್ತದೆ. ನಾಲ್ಕು ಧ್ರುವಗಳ ಮೋಟಾರಿನ ಸಿಂಕ್ರೋನಸ್ ವೇಗ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1,500 ಸುತ್ತು, 40 ಹರ್ಟ್ಸ್‌ನಲ್ಲಿ 1,200. ವೇಗ ಇಷ್ಟು ತಗ್ಗಿದರೆ ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ, ನೀರೂ ಕಡಿಮೆಯಾಗುತ್ತದೆ. ಆಳದ ಕೊಳವೆಬಾವಿಗೆ ಈ ಲೆಕ್ಕ ಪೂರ್ತಿ ಅನ್ವಯಿಸದು.

ಇಂತಹ ಮಂಡಲಗಳನ್ನು ಮೊದಲು ಗಣಕಯಂತ್ರದಲ್ಲಿ ರಚಿಸಿ ಅಲೆರೂಪಗಳನ್ನು ಪರಿಶೀಲಿಸುವುದು ಉತ್ತಮ ಬೋಧನಾ ಕ್ರಮ. ಮುಂಬಯಿಯ ಐ.ಐ.ಟಿ.ಯ ‘ಇಸಿಮ್’ ತಂತ್ರಾಂಶ ಇದಕ್ಕೆ ಉಚಿತವಾಗಿ ದೊರೆಯುತ್ತದೆ. 415 ವೋಲ್ಟ್‌ನ ಮೂರು ಫೇಸ್ ವಿದ್ಯುತ್ತು ಡ್ರೈವಿನೊಳಗೆ 560ರಿಂದ 590 ವೋಲ್ಟ್ ಡಿ.ಸಿ. ಆಗುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಉಳಿದಿರುತ್ತದೆ. ಪರದೆಯ ಮೇಲಿನ ತಪ್ಪು ಪ್ರಾಣಕ್ಕೆರವಾಗದು, ನಿಜವಾದ ಡ್ರೈವಿನಲ್ಲಿ ಆಗಬಹುದು. ಆದರೆ ಮೀಟರು ಹಿಡಿದು ಅಳೆಯುವ ಅಭ್ಯಾಸ ಪರದೆಯಿಂದ ಬಾರದು. ಆದಕಾರಣ ಸಂಸ್ಥೆಯ ಆಯ್ಕೆಗೆ ಮುನ್ನ, ಗಣಕಯಂತ್ರಗಳ ಜೊತೆಗೆ ಮೋಟಾರು ಜೋಡಿಸಿದ ಡ್ರೈವ್ ಪ್ರಯೋಗ ಮೇಜು ಇದೆಯೇ ಎಂಬುದನ್ನು ಅಭ್ಯರ್ಥಿಗಳು ವಿಚಾರಿಸಿಕೊಳ್ಳತಕ್ಕದ್ದು.