ಜನಾಂಗಾಂತರ ವಿವಾಹ: ಠಾಣೆ–ಮುಂಬಯಿ ಸೀಮೆಯ ಇತಿಹಾಸ

ಬೇರೆ ಬೇರೆ ಜನಾಂಗದ ಇಬ್ಬರ ಒಲವು ಮದುವೆಯ ಹಂತಕ್ಕೆ ಬಂದಾಗ ಅದಕ್ಕೆ ಮುದ್ರೆ ಒತ್ತುವವರು ಯಾರು ಎಂಬುದು ಈ ಸೀಮೆಯಲ್ಲಿ ಕಾಲಕಾಲಕ್ಕೆ ಬದಲಾಗಿದೆ. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕ್, ತನ್ನ ಸೈನಿಕರು ಸ್ಥಳೀಯ ಹೆಂಗಸರನ್ನು ಮದುವೆಯಾಗಿ ನೆಲೆಸುವಂತೆ ಉತ್ತೇಜನ ಕೊಟ್ಟ. ವಧು ಮೊದಲು ಕ್ರೈಸ್ತಳಾಗಬೇಕಿತ್ತು. 1534ರಲ್ಲಿ ಈ ಸೀಮೆಯ ವಸಯಿ ಪೋರ್ಚುಗೀಸರ ಕೈಸೇರಿದ ಮೇಲೆ ಹೀಗೆ ಸಂಸಾರ ಹೂಡಿದವರು ಇಲ್ಲಿಗೂ ಬಂದರು. ಗೆದ್ದವರ ನೆಲದಲ್ಲಿ ನಡೆದ ಈ ಮದುವೆಗಳನ್ನೆಲ್ಲ ಒಲವಿನ ಲೆಕ್ಕಕ್ಕೆ ಸೇರಿಸುವುದು ತಪ್ಪಾದೀತು. ವಧು ಮೊದಲು ಕ್ರೈಸ್ತಳಾಗುವ ಮಾದರಿ ಈ ಸೀಮೆಯಾಚೆಗೂ ಕಾಣುತ್ತದೆ: ಕೊಡಗಿನ ಕೊನೆಯ ಅರಸನ ಮಗಳು ಗೌರಮ್ಮ ಕೂಡ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ವರಿಸುವ ಹೊತ್ತಿಗೆ ಕ್ರೈಸ್ತಳಾಗಿದ್ದಳು. 1852ರ ಆ ದೀಕ್ಷೆಯಲ್ಲಿ ಧರ್ಮಮಾತೆಯಾಗಿ ನಿಂತವಳು ರಾಣಿ ವಿಕ್ಟೋರಿಯಾ.

ಅಮೆರಿಕದ ಹಲವು ರಾಜ್ಯಗಳಲ್ಲಿ 1967ರವರೆಗೂ ಜನಾಂಗಾಂತರ ಮದುವೆಗೆ ಕಾನೂನಿನ ನಿಷೇಧವಿತ್ತು. ಮುಂಬಯಿಯಲ್ಲಿ ತಡೆ ಎದುರಾದದ್ದು ಸಮುದಾಯದ ಒಳಗಿನಿಂದ. ಉದ್ಯಮಿ ಆರ್. ಡಿ. ಟಾಟಾ 1902ರಲ್ಲಿ ಫ್ರಾನ್ಸಿನ ಸುಜಾನ್ ಬ್ರಿಯೇರ್ ಅವರ ಕೈಹಿಡಿದರು. ಸುಜಾನ್ ಜರತುಷ್ಟ್ರ ಧರ್ಮದ ದೀಕ್ಷೆ ಪಡೆದರೂ ಪಾರ್ಸಿ ಅಗ್ನಿಮಂದಿರ, ದಖ್ಮಾಗಳಲ್ಲಿ (ಶವಗೋಪುರಗಳಲ್ಲಿ) ಅವರಿಗೆ ಹಕ್ಕುಂಟೇ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. ಇಲ್ಲ ಎಂದಿತು 1908ರ ತೀರ್ಪು. ಆದರೆ ಪಾರ್ಸಿ ತಂದೆಗೆ ಅನ್ಯ ಜನಾಂಗದ ತಾಯಿಯಲ್ಲಿ ಹುಟ್ಟಿ ದೀಕ್ಷೆ ಪಡೆದ ಮಕ್ಕಳು ಪಾರ್ಸಿಗಳೇ ಎಂದೂ ಹೇಳಿತು. ಮಗ ಜೆ. ಆರ್. ಡಿ. ಒಳಗೆ, ಹೆತ್ತ ತಾಯಿ ಹೊರಗೆ! ತಂದೆಯ ಕುಲವನ್ನೇ ನೆಚ್ಚಿದ ಈ ನಿಲುವು ಹೆಣ್ಣಿಗೆ ಬಗೆದ ಅನ್ಯಾಯ.

ಧರ್ಮದ ಬದಲು ಸರಕಾರದ ಮುದ್ರೆ ಒತ್ತಿಸಿಕೊಳ್ಳುವ ದಾರಿಯೂ ಇತ್ತು. 1872ರ ಸಿವಿಲ್ ವಿವಾಹ ಕಾಯಿದೆಯಡಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಮೊದಲಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. ಆ ಷರತ್ತನ್ನು ಪೂರ್ತಿಯಾಗಿ ಕಿತ್ತುಹಾಕಿದ್ದು 1954ರ ವಿಶೇಷ ವಿವಾಹ ಕಾಯಿದೆ.

ಈಗಿನ ಉದಾಹರಣೆಯೊಂದನ್ನು ನೋಡೋಣ. 1970ರಲ್ಲಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಹುಟ್ಟಿ ನವಿ ಮುಂಬಯಿ ಬೆಳೆಯತೊಡಗಿತು. ಮಿಲೆನಿಯಂ ಬಿಸಿನೆಸ್ ಪಾರ್ಕ್ ಇರುವ ಮಹಾಪೆ ಠಾಣೆ ಜಿಲ್ಲೆಗೆ ಸೇರಿದ್ದು. ಅಲ್ಲಿ ಕೆಲಸಕ್ಕಿರುವ ಕಲಬುರಗಿಯ ಕನ್ನಡಿಗ ವಿದೇಶಿ ಗೆಳತಿಯನ್ನು 1954ರ ಕಾಯಿದೆಯಡಿ ಮದುವೆಯಾಗಬಹುದು. ಇಬ್ಬರಲ್ಲಿ ಒಬ್ಬರಾದರೂ ಠಾಣೆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು; ಆಕ್ಷೇಪಣೆಗೆ ಮತ್ತೆ 30 ದಿನ. ಕಾಯಂ ವಿಳಾಸ ಕಲಬುರಗಿಯದಾದರೆ ನೋಟಿಸಿನ ಪ್ರತಿ ಅಲ್ಲಿನ ಕಚೇರಿಯ ಗೋಡೆಗೂ ಹೋಗುತ್ತದೆ. ಮನೆಯವರಿಗೆ ಇನ್ನೂ ತಿಳಿಸದ ಜೋಡಿಗಳಿಗೆ ಇದೇ ಕಂಟಕ. ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು ಹೀಗೆ ಕ್ರೈಸ್ತರನ್ನೋ ಮುಸ್ಲಿಮರನ್ನೋ ವರಿಸಿದರೆ ಆ ಕುಟುಂಬದಿಂದ ಬೇರ್ಪಟ್ಟಂತೆ ಎಂಬ 19ನೆಯ ಕಲಮೂ ಉಳಿದುಕೊಂಡಿದೆ. ನೋಂದಣಿಯಾದ ಮದುವೆ ಎರಡು ವರ್ಷ ಎಡೆಬಿಡದೆ ಮುಂದುವರಿದ ಮೇಲೆಯೇ ವಿದೇಶಿ ಸಂಗಾತಿ ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಕಾರ್ಡಿಗೆ ಅರ್ಜಿ ಹಾಕಬಹುದು.