ಮಗಳು ಕೇಳಿದ ಪ್ರಶ್ನೆ, 1983ರ ಉತ್ತರ

ಮೊನ್ನೆ ಭಾನುವಾರ ಆರು ವರ್ಷದ ಮಗಳನ್ನು ಕರ್ಕೊಂಡು ನಮ್ಮ ಸೊಪ್ಪಿನ ಬೆಟ್ಟ ದಾಟಿ ಕಾಡಿನ ಕಾಲುದಾರಿ ಹಿಡಿದೆ. ಏರಿಲ್ಲದ ದಾರಿ, ಒಂದು ಮೈಲಿ ಅಷ್ಟೆ. ಎರಡು ತಾಸು ಬೇಕಾಯ್ತು. ಉಂಬಳ ಕಂಡಲ್ಲಿ ಕುಣಿತ, ಅಣಬೆ ಕಂಡಲ್ಲಿ ಕೂರೋದು.

ಹಳೇ ಕಾಡಲ್ಲಿ ದರಕಿನ ಮೇಲೆ ಕಾಲು ಹೂತು ಹೋಗ್ತಿತ್ತು. ಸಾಗವಾನಿ ಪ್ಲಾಂಟೇಶನ್ ಹೊಕ್ಕ ಕೂಡಲೇ ಕೇಳಿದಳು, "ಅಪ್ಪಾ, ಇಲ್ಲಿ ನೆಲ ಯಾಕೆ ಗಟ್ಟಿ?" ಇಷ್ಟು ವರ್ಷ ಓಡಾಡಿದ ನಾನು ಗಮನಿಸಿರಲೇ ಇಲ್ಲ.

ನಮ್ಮ ಹಿರಿಯರು ಗಮನಿಸಿದ್ದರು. ದಟ್ಟ ಕಾಡು ಕಡಿದು ಸಾಗವಾನಿ ಹಾಕಿದ ಮೇಲೆ ಹಳ್ಳ ಬತ್ತಿತು, ತೋಟಕ್ಕೆ ಸೊಪ್ಪು ಸಿಗದಾಯ್ತು ಅನ್ನೋದೇ ಅವರ ಸಿಟ್ಟು. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿ ಜನ ಕಾಡಿಗೆ ನಡ್ಕೊಂಡೇ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಶುರುವಾದದ್ದು ಹಾಗೆ. ಹತ್ತು ವರ್ಷ ಮೊದಲು ಹಿಮಾಲಯದಲ್ಲಿ ನಡೆದ ಚಿಪ್ಕೋ ಅವರಿಗೆ ಮಾದರಿ. ಅಪ್ಪಿಕೋದವರ ಮಾತು ಮೂರೇ: ಉಳಿಸು, ಬೆಳೆಸು, ಬಳಸು.

ಇದನ್ನೆಲ್ಲ ಹೇಳ್ತಾ ವಾಪಸ್ ನಮ್ಮ ಬೆಟ್ಟಕ್ಕೆ ಬಂದ್ವಿ. ಅವಳು ಕಾಲು ಕುಟ್ಟಿ ನೋಡಿ ಅಂದಳು, "ಅಪ್ಪಾ, ಇಲ್ಲೂ ಗಟ್ಟಿ."

ನಿಜ. ದರಕೆಲ್ಲ ಗುಡಿಸಿ ಕೊಟ್ಟಿಗೆಗೆ ತಂದವನು ನಾನೇ. ಮೂರು ಮಾತಲ್ಲಿ ಕಡೆಯದು ಮಾತ್ರ ನನಗೆ ನೆನಪಿತ್ತು. ಈ ವರ್ಷ ಹಳ್ಳದ ಮೇಲಿನ ತುಂಡಿಗೆ ಕತ್ತಿ, ಹಿಡಿ ಎರಡೂ ಒಯ್ಯಲ್ಲ. ಮಳೆಗಾಲ ಕಳೆದ ಮೇಲೆ ನೆಲ ನೋಡೋಕೆ ಅವಳನ್ನೇ ಕರ್ಕೊಂಡು ಹೋಗ್ತೇನೆ. ನಿಮ್ಮ ಬೆಟ್ಟಕ್ಕೂ ಮಕ್ಕಳನ್ನ ಒಮ್ಮೆ ಕರ್ಕೊಂಡು ಹೋಗಿ ನೋಡಿ.